ಎಡಗಣ್ಣಿನ ಗಂಟೆಗಳು

5 ಏಪ್ರಿಲ್

ಪಿಟೀಲಿನ ಅಪ್ಪನಿಗೆ,

ಇದು ಕ್ಷೇಮ ವಿಚಾರಿಸುವ ಕಾಗದವಲ್ಲ, ಜಗಳದ್ದೂ ಅಲ್ಲ. ಫೋನಿನಲ್ಲಿ ಮಾತಾಡಿದರೆ ಮೂರನೇ ವಾಕ್ಯಕ್ಕೆ ಇಬ್ಬರೂ ದನಿ ಏರಿಸುತ್ತೇವೆ, ಮಗಳು, ನಿಮ್ಮ ಪಿಟೀಲು, ಹೋಗಿ ಬಚ್ಚಲಲ್ಲಿ ಕೂರುತ್ತಾಳೆ. ಅದಕ್ಕೇ ಬರೆದು ಅವಳ ಚೀಲದಲ್ಲಿ, ಮಡಚಿದ ಬಟ್ಟೆಯ ಕೆಳಗೆ ಇಟ್ಟಿದ್ದೇನೆ. ಸೋಮವಾರ ಶಾಲೆಗೆ ಬಿಡುವಾಗ ನಿಮ್ಮ ಉತ್ತರವನ್ನೂ ಅಲ್ಲೇ ಇಡಿ.

ಕಳೆದ ವಾರ ಶಾಲೆಗೆ ಕಣ್ಣು ಪರೀಕ್ಷೆ ಮಾಡುವವರು ಬಂದಿದ್ದರು. ಬಲಗಣ್ಣು ಮುಚ್ಚಿ, ಎದುರಿನ ಹಾಳೆಯಲ್ಲಿರುವ ಚಿತ್ರ ಯಾವುದು ಎಂದು ಕೇಳಿದ್ದಾರೆ. ಇವಳು "ಎಲ್ಲಿದೆ ಚಿತ್ರ?" ಅಂದಳಂತೆ. ಮಕ್ಕಳೆಲ್ಲ ನಕ್ಕರು, ತಮಾಷೆ ಮಾಡುತ್ತಿದ್ದಾಳೆ ಎಂದು ಟೀಚರ್ ಗದರಿದರು. ತಮಾಷೆಯಾಗಿರಲಿಲ್ಲ.

ರಜೆ ಹಾಕಿ ಕಣ್ಣಾಸ್ಪತ್ರೆಗೆ ಕರೆದುಕೊಂಡು ಹೋದೆ. ಎರಡು ಕಣ್ಣುಗಳ ನಂಬರಿನ ನಡುವೆ ಬಹಳ ವ್ಯತ್ಯಾಸವಿದೆಯಂತೆ. ಎಡಗಣ್ಣಿಗೆ ಹುಟ್ಟಿದಾಗಿನಿಂದ ಎಲ್ಲವೂ ಮಸುಕು. ಮಸುಕು ಚಿತ್ರ ಯಾಕೆ ಬೇಕೆಂದು ಮಿದುಳು ಆ ಕಣ್ಣನ್ನು ಕೇಳುವುದನ್ನೇ ಬಿಟ್ಟುಬಿಟ್ಟಿದೆ. ಎರಡೂ ಕಣ್ಣು ತೆರೆದಿದ್ದಾಗ ಒಳ್ಳೆಯ ಕಣ್ಣೇ ಎಲ್ಲ ಕೆಲಸ ಮಾಡುವುದರಿಂದ ನಮಗೆ ಯಾರಿಗೂ ಗೊತ್ತಾಗಲಿಲ್ಲ. ಮೆಳ್ಳೆಗಣ್ಣಿಲ್ಲ, ಕೆಂಪಿಲ್ಲ, ನೋವಿಲ್ಲ. ಸೋಮಾರಿ ಕಣ್ಣು ಅನ್ನುತ್ತಾರಂತೆ. ಡಾಕ್ಟರಮ್ಮನಿಗೆ ಆ ಹೆಸರು ಹಿಡಿಸುವುದಿಲ್ಲ. "ಸೋಮಾರಿ ಏನಲ್ಲ ಪಾಪ. ಅದನ್ನ ಯಾರೂ ಕೆಲಸಕ್ಕೆ ಕರೀಲಿಲ್ಲ ಅಷ್ಟೆ" ಅಂದರು.

ಈಗ ಆರೂವರೆ ವರ್ಷ. "ಟೈಮ್ ಇದೆ, ಆದ್ರೆ ಜಾಸ್ತಿ ಇಲ್ಲ" ಎಂದೂ ಹೇಳಿದರು. ಏಳೆಂಟು ದಾಟಿದ ಮೇಲೆ ಪರೀಕ್ಷೆಯ ಹಾಳೆಯಲ್ಲಿ ಒಂದೊಂದು ಸಾಲು ಓದಿಸುವುದೂ ಕಷ್ಟವಾಗುತ್ತದಂತೆ. ಮೊದಲು ಮೂರು ತಿಂಗಳು ಕನ್ನಡಕ. ಎದ್ದಾಗಿನಿಂದ ಮಲಗುವವರೆಗೆ ಮೂಗಿನ ಮೇಲಿರಬೇಕು. ನಿಮ್ಮ ಮನೆಯಲ್ಲೂ.

ಇನ್ನೊಂದು. ಇದು ಮನೆತನದಲ್ಲಿ ಬರುವುದುಂಟಂತೆ. ನಿಮ್ಮ ಕಡೆ ಯಾರಿಗಾದರೂ ಇತ್ತೇ? ಡಾಕ್ಟರಮ್ಮ ಕೇಳಿ ಬರೆದುಕೊಳ್ಳಬೇಕಂತೆ.

ಅವಳ ಅಮ್ಮ


7 ಏಪ್ರಿಲ್

ನಿನ್ನ ಕಾಗದ ಸಿಕ್ಕಿತು.

ಕನ್ನಡಕ ಹಾಕಿಸಿಯೇ ಇಟ್ಟಿದ್ದೆ. ರಿಟೈರಾದ ಹೆಡ್‌ಮಾಸ್ಟರ್ ಹಾಗೆ ಕಾಣುತ್ತಾಳೆ. ಅದನ್ನು ಹಾಕಿಕೊಂಡೇ ನಿದ್ದೆ ಹೋದಳು, ಮೆಲ್ಲಗೆ ತೆಗೆದು ಕಿಟಕಿಯ ಕಟ್ಟೆಯ ಮೇಲಿಟ್ಟೆ. ಬೆಳಿಗ್ಗೆ ಎದ್ದವಳೇ ಕೇಳಿದ್ದು ಅದನ್ನೇ.

ಒಂಬತ್ತು ವರ್ಷ ಜೊತೆಗಿದ್ದವಳು ಈಗ "ನೀವು" ಎಂದು ಬರೆದರೆ ಕೋರ್ಟಿನಲ್ಲಿ ನಿಂತ ಹಾಗಾಗುತ್ತದೆ. ನಿನ್ನಿಷ್ಟ.

ಶೆಡ್‌ನಲ್ಲಿ ಕಬ್ಬಿಣ ಕಡೆಯುವ ಲೇತ್ ಎರಡು ದಿನ ಕೆಟ್ಟು ನಿಂತಿತ್ತು, ಈಗ ಬಾಕಿ ಕೆಲಸವೆಲ್ಲ ತಲೆಯ ಮೇಲಿದೆ. ಇಷ್ಟೇ.

ಅವಳ ಅಪ್ಪ


19 ಜುಲೈ

ಪಿಟೀಲಿನ ಅಪ್ಪನಿಗೆ,

ಮೂರು ತಿಂಗಳ ಕನ್ನಡಕದಿಂದ ಎಡಗಣ್ಣು ಎರಡು ಸಾಲು ಮುಂದೆ ಹೋಯಿತು, ಅಲ್ಲಿಗೆ ನಿಂತಿತು. ಇನ್ನು ಕಣ್ಣಿಗೆ ಅಂಟುಪಟ್ಟಿ ಹಾಕಬೇಕು. ಚೀಲದ ಪಕ್ಕದ ಜೇಬಿನಲ್ಲಿ ನಾಲ್ಕು ಪಟ್ಟಿಗಳಿವೆ.

ಪಟ್ಟಿ ಬಲಗಣ್ಣಿಗೆ, ಒಳ್ಳೆಯ ಕಣ್ಣಿಗೆ. ಮರೆತು ಎಡಕ್ಕೆ ಅಂಟಿಸಬೇಡಿ. ಒಳ್ಳೆಯದನ್ನು ಮುಚ್ಚಿದರೆ ಮಾತ್ರ ಇನ್ನೊಂದು ಕೆಲಸ ಕಲಿಯುತ್ತದೆ. ದಿನಕ್ಕೆ ನಾಲ್ಕು ಗಂಟೆ, ಮೇಲೆ ಕನ್ನಡಕ. ಆ ಹೊತ್ತಿನಲ್ಲಿ ಸುಮ್ಮನೆ ಕೂರಿಸದೆ ಹತ್ತಿರದ ಕೆಲಸ ಕೊಡಿ: ಬಣ್ಣ ತುಂಬುವುದು, ಗುಂಡಿ ಪೋಣಿಸುವುದು, ದೊಡ್ಡಕ್ಷರದ ಪುಸ್ತಕ. ಜೊತೆಗಿರುವ ಹಾಳೆಯಲ್ಲಿ ಎಷ್ಟು ಗಂಟೆ ಎಂದು ಬರೆಯಿರಿ. ನನ್ನ ದಿನಗಳು ಎಡಕ್ಕೆ, ನಿಮ್ಮವು ಬಲಕ್ಕೆ.

ಅಳುತ್ತಾಳೆ. ಮೊದಲ ದಿನ ನಡು ಮಧ್ಯಾಹ್ನ, ಕಿಟಕಿಯಿಂದ ಬಿಸಿಲು ಬಂದು ನೆಲದ ಮೇಲೆ ಬಿದ್ದಿದೆ, "ಅಮ್ಮಾ, ಲೈಟ್ ಹಾಕು" ಅಂದಳು. ಬಾಗಿಲ ಚೌಕಟ್ಟಿಗೆ ಭುಜ ತಾಗಿಸಿಕೊಂಡಳು. ಆಮೇಲೆ ಶುರುವಾಯಿತು ನೋಡಿ, ಹುಟ್ಟಿದ ವಾರದಲ್ಲಿ ನೀವು ಅವಳಿಗೆ ಪಿಟೀಲು ಎಂದು ಹೆಸರಿಟ್ಟಿರಲ್ಲ, ಅದೇ ಒಂದೇ ತಂತಿಯ ರಾಗ, ಸಂಜೆ ಏಳರವರೆಗೆ. ಕರಗಬೇಡಿ. ನನಗೂ ಕಷ್ಟವೇ.

ಏಪ್ರಿಲ್‌ನಲ್ಲಿ ಕೇಳಿದ್ದಕ್ಕೆ ಉತ್ತರ ಬರಲಿಲ್ಲ. ನಮ್ಮ ಕಡೆ ಯಾರಿಗೂ ಇಲ್ಲ, ಅಕ್ಕನನ್ನೂ ಚಿಕ್ಕಪ್ಪನನ್ನೂ ಕೇಳಿದೆ. ನಿಮ್ಮ ಕಡೆ?

ಅವಳ ಅಮ್ಮ


21 ಜುಲೈ

ಶನಿವಾರ ನಾಲ್ಕು ಗಂಟೆ, ಭಾನುವಾರ ನಾಲ್ಕು ಗಂಟೆ. ಹಾಳೆಯಲ್ಲಿ ಬರೆದಿದ್ದೇನೆ.

ನಮ್ಮ ಕಡೆ ಯಾರಿಗೂ ಇಲ್ಲ.

ಅವಳ ಅಳು ನೋಡಲಾಗುವುದಿಲ್ಲ. ಇದು ಇಷ್ಟೊಂದು ಬೇಕೇ ಎಂದು ಡಾಕ್ಟರಮ್ಮನನ್ನು ಇನ್ನೊಮ್ಮೆ ಕೇಳು. ಒಂದು ಕಣ್ಣು ಚೆನ್ನಾಗಿದೆಯಲ್ಲ. ಒಂದೇ ಕಣ್ಣಿನಲ್ಲಿ ಸಂಸಾರ, ಕೆಲಸ ಎಲ್ಲ ಮಾಡಿಕೊಂಡಿರುವವರು ಎಷ್ಟೋ ಜನ ಇದ್ದಾರೆ.

ಅವಳ ಅಪ್ಪ


30 ಆಗಸ್ಟ್

ಪಿಟೀಲಿನ ಅಪ್ಪನಿಗೆ,

ನೀವು ಹೇಳಿದ ಹಾಗೆ ಕೇಳಿದೆ. "ಆ ಒಂದಕ್ಕೆ ಏನಾದ್ರೂ ಆದ ದಿನ ಅವಳ ಹತ್ರ ಏನಿರುತ್ತೆ?" ಎಂದು ಡಾಕ್ಟರಮ್ಮ ತಿರುಗಿ ಕೇಳಿದರು. ಉತ್ತರ ನಿಮ್ಮಲ್ಲಿದ್ದರೆ ಬರೆಯಿರಿ.

ಬೆಳಿಗ್ಗೆ ಐದಕ್ಕೆ ಲಾಂಡ್ರಿಯಲ್ಲಿರಬೇಕು. ಈ ತಿಂಗಳು ಇಬ್ಬರು ಕೆಲಸ ಬಿಟ್ಟರು. ಆಸ್ಪತ್ರೆಯ ಹಾಸಿಗೆಗಳು ಮಾತ್ರ ಕಡಿಮೆಯಾಗಿಲ್ಲ. ಒದ್ದೆ ಹಾಸು ಎಷ್ಟು ಭಾರವಿರುತ್ತದೆ ಎಂದು ಅದನ್ನು ಎತ್ತಿದವರಿಗೇ ಗೊತ್ತು. ಇಸ್ತ್ರಿ ಯಂತ್ರದ ಆವಿಯಲ್ಲಿ ಒಂಬತ್ತು ಗಂಟೆ ನಿಂತು, ಪಕ್ಕದ ಮನೆಯವರು ಶಾಲೆಗೆ ಬಿಟ್ಟು ಕರೆತಂದವಳನ್ನು ಕೂರಿಸಿಕೊಂಡು, ಮೂರು ಗಂಟೆಗೆ ಪಟ್ಟಿ ಅಂಟಿಸುತ್ತೇನೆ. ಮೂಗಿನ ಪಕ್ಕ ಸಂದು ಬಿಟ್ಟರೆ ಅದರಿಂದ ಇಣುಕುತ್ತಾಳೆ, ಚೆನ್ನಾಗಿ ಒತ್ತಿ. ಕೆನ್ನೆ ಕೆಂಪಾಗಿ ಗುಳ್ಳೆ ಎದ್ದಿದೆ. ತೆಗೆದ ಮೇಲೆ ತಣ್ಣೀರಿನಲ್ಲಿ ಒರೆಸಿ.

ಬೀದಿಯ ಮಕ್ಕಳು "ಒಂಟಿ ದೀಪದ ಬಸ್ಸು" ಎಂದು ಕರೆಯುತ್ತಾರೆ. ಒಂದು ದಿನ ಅತ್ತಳು. ಮಾರನೇ ದಿನ ತಾನೇ ಬಸ್ಸಿನ ಹಾಗೆ ಹಾರ್ನ್ ಹೊಡೆಯುತ್ತಾ ಅವರ ಮಧ್ಯೆ ನುಗ್ಗಿದಳಂತೆ. ಇದು ಯಾರ ಕಡೆಯ ಗುಣವೋ. ನನ್ನದಂತೂ ಅಲ್ಲ.

ಸ್ವಲ್ಪ ದೊಡ್ಡಕ್ಷರದಲ್ಲಿ ಬರೆಯಿರಿ. ನನಗೂ ನಲವತ್ತು ದಾಟಿತು, ನಿಮ್ಮ ಇರುವೆ ಸಾಲನ್ನು ತೋಳುದ್ದ ಹಿಡಿದು ಓದಬೇಕಾಗುತ್ತದೆ.

ಅವಳ ಅಮ್ಮ


1 ಸೆಪ್ಟೆಂಬರ್

ನಾಲ್ಕು, ನಾಲ್ಕು. ಬೂಟು ಚಿಕ್ಕದಾಗಿದೆ, ಹೊಸದು ಕೊಡಿಸಿದ್ದೇನೆ. ಬೇರೇನೂ ಇಲ್ಲ.

ಅಪ್ಪ


18 ಅಕ್ಟೋಬರ್

ಈ ಕಾಗದವನ್ನು ಅಂಚೆಗೆ ಹಾಕುತ್ತಿದ್ದೇನೆ. ಇವತ್ತು ಚೀಲ ಬರುವುದಿಲ್ಲ, ಅವಳೂ ಬರುವುದಿಲ್ಲ.

ಗುರುವಾರ ಪರೀಕ್ಷೆಗೆ ಹೋಗಿದ್ದೆವು. ಮೂರು ತಿಂಗಳ ಪಟ್ಟಿಯ ನಂತರ ಎಡಗಣ್ಣು ಇದ್ದಲ್ಲೇ ಇದೆ. ಒಂದಕ್ಷರವೂ ಮುಂದೆ ಹೋಗಿಲ್ಲ. ಡಾಕ್ಟರಮ್ಮ ನಮ್ಮ ಹಾಳೆಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. "ಹಾಳೆ ಏನೋ ಚೆನ್ನಾಗಿದೆ. ಕಣ್ಣು ಹಾಗೆ ಹೇಳ್ತಿಲ್ಲ" ಅಂದರು. ಆಮೇಲೆ ಮಗಳ ಕಡೆ ಬಾಗಿ, "ಪಟ್ಟಿ ದಿನಾ ಹಾಕ್ಕೊಳ್ತೀಯಾ ಪುಟ್ಟಾ?" ಎಂದು ಕೇಳಿದರು.

"ಅಪ್ಪನ ಮನೇಲಿ ನಾವು ಫ್ರಿಜ್‌ಗೆ ಹಾಕ್ತೀವಿ. ಫ್ರಿಜ್‌ಗೆ ಈಗ ತುಂಬಾ ಕಣ್ಣಿದೆ" ಅಂದಳು.

ಹೆಮ್ಮೆಯಿಂದ ಹೇಳಿದಳು. ಅವಳ ತಪ್ಪೇನಿದೆ.

ಹಾಳೆಯ ಬಲಗಡೆ, ಜುಲೈಯಿಂದ ಒಂದು ವಾರವೂ ಬಿಡದೆ, ನಿನ್ನ ಅಕ್ಷರದಲ್ಲಿ ನಾಲ್ಕು, ನಾಲ್ಕು, ನಾಲ್ಕು. "ನೀವು" ಎಂದು ಬರೆಯುವ ತಾಳ್ಮೆ ನನಗೆ ಉಳಿದಿಲ್ಲ. ನನಗೆ ಸುಳ್ಳು ಹೇಳಿದ್ದರೆ ನುಂಗಿಕೊಳ್ಳುತ್ತಿದ್ದೆ, ಹಿಂದೆಯೂ ನುಂಗಿದ್ದೇನೆ. ಆದರೆ ಆ ಮೂರು ತಿಂಗಳು ನನ್ನದೂ ಅಲ್ಲ ನಿನ್ನದೂ ಅಲ್ಲ, ಅವಳದು. ಮುಂದಿನ ಪರೀಕ್ಷೆಗೆ, ಜನವರಿಗೆ, ಅವಳಿಗೆ ಏಳು ತುಂಬಿ ತಿಂಗಳುಗಳಾಗಿರುತ್ತವೆ. ಮಿದುಳು ನಮ್ಮಿಬ್ಬರ ವ್ಯವಹಾರ ಮುಗಿಯಲಿ ಎಂದು ಕಾಯುತ್ತಾ ಕೂರುವುದಿಲ್ಲ.

ಅವಳ ಮೇಲೆ ನಿನಗೆ ಪ್ರೀತಿ ಇಲ್ಲ ಅಂತಲ್ಲ. ನಿನ್ನ ಪ್ರೀತಿಯಿಂದ ಅವಳಿಗೆ ಏನಾಯಿತು ಎಂದು ಮಾತ್ರ ಹೇಳುತ್ತಿದ್ದೇನೆ.

ಉತ್ತರ ಬೇಡ. ಇದ್ದರೆ ನಿಜ ಬರೆ.


9 ನವೆಂಬರ್

ನೋಡು,

ಅಕ್ಷರಗಳು ದೊಡ್ಡದಾಗಿವೆ, ಸಾಲುಗಳು ಸೊಟ್ಟಗಿವೆ. ನಿನಗಾಗಿ ಅಲ್ಲ, ಹೀಗೆ ಬರೆಯದಿದ್ದರೆ ನನಗೆ ಕಾಣುವುದಿಲ್ಲ. ಎರಡು ದಿನದಿಂದ ಸ್ವಲ್ಪ ಸ್ವಲ್ಪ ಬರೆಯುತ್ತಿದ್ದೇನೆ.

ಸೋಮವಾರ ಉಳಿ ಮಸೆಯುವಾಗ ಬಲಗಣ್ಣಿಗೆ ಕಬ್ಬಿಣದ ಚೂರು ಬಿತ್ತು. ರಕ್ಷಣೆಯ ಕನ್ನಡಕ ನನ್ನ ತಲೆಯ ಹಿಂದಿನ ಮೊಳೆಯಲ್ಲೇ ನೇತಾಡುತ್ತಿತ್ತು. ಅದರ ಗಾಜಿನ ತುಂಬ ಗೀರು ಬಿದ್ದು ಮಸುಕಾಗಿತ್ತು, ಅದಕ್ಕೇ ಹಾಕುತ್ತಿರಲಿಲ್ಲ. ಕಣ್ಣು ಉಜ್ಜಿಕೊಂಡು ಕೆಲಸ ಮುಂದುವರಿಸಿದೆ. ಮಂಗಳವಾರ ಬೆಳಿಗ್ಗೆ ರೆಪ್ಪೆ ತೆರೆಯಲಾಗಲಿಲ್ಲ, ನೀರು ಧಾರೆಯಾಗಿ ಸುರಿಯುತ್ತಿತ್ತು. ಪಕ್ಕದ ಲೇತ್‌ನವನು ಕೈ ಹಿಡಿದು ಆಸ್ಪತ್ರೆಗೆ ಕರೆದುಕೊಂಡು ಹೋದ. ಪಿಟೀಲಿನ ಡಾಕ್ಟರಮ್ಮನೇ ಇದ್ದರು. ಮರಗಟ್ಟುವ ಹನಿ ಹಾಕಿ ಸೂಜಿಯ ತುದಿಯಿಂದ ಚೂರು ತೆಗೆದರು. ಒಂದು ರಾತ್ರಿಗೇ ತುಕ್ಕು ಹಿಡಿದಿತ್ತಂತೆ, ಅದನ್ನೂ ಕೆರೆದರು. ಮುಲಾಮು ಹಾಕಿ, ಕಟ್ಟಿ, "ಈಗ ಇನ್ನೊಂದು ಕಣ್ಣಲ್ಲಿ ಓದಿ" ಅಂದರು.

ನಾನು ಕುರ್ಚಿಯ ತುದಿಗೆ ಸರಿದು ಕತ್ತು ಮುಂದೆ ಚಾಚಿದೆ.

"ಮೊದಲನೇ ಅಕ್ಷರ? ದೊಡ್ಡದು?"

ಗೋಡೆಯ ಮೇಲೆ ಬಿಳಿಯ ಚೌಕ ಮಾತ್ರ ಕಂಡಿತು.

"ಇದು ಇವತ್ತಿಂದಲ್ಲ, ಅಲ್ವಾ?" ಎಂದು ಕೇಳಿದರು.

ಅಲ್ಲ. ನನಗೆ ಗೊತ್ತಾಗಿದ್ದು ಪಿಟೀಲಿನಷ್ಟೇ ಇದ್ದಾಗ. ಕಣ್ಣುಮುಚ್ಚಾಲೆಯಲ್ಲಿ ಒಂದು ಕೈ ಬಲಗಣ್ಣಿನ ಮೇಲಿತ್ತು, ಬೆರಳ ಸಂದಿಯಿಂದ ಕಳ್ಳಾಟ ಆಡಲು ಎಡಗಣ್ಣು ತೆರೆದೆ. ಮನೆಯೆಲ್ಲ ಕರಗಿಹೋದಂತಿತ್ತು. ಅಮ್ಮನಿಗೆ ಹೇಳಿದೆ. ಅವಳು ನನ್ನ ಮುಖವನ್ನು ಬೆಳಕಿಗೆ ತಿರುಗಿಸಿ ನೋಡಿ, "ಹೊರಗೆ ಕಾಣಲ್ವಲ್ಲ. ಯಾರಿಗೂ ಹೇಳ್ಬೇಡ, ನಾಳೆ ಕೆಲಸ ಸಿಗಲ್ಲ, ಹೆಣ್ಣು ಸಿಗಲ್ಲ" ಅಂದಳು. ಅವಳಿಗೆ ತಿಳಿದದ್ದು ಅಷ್ಟು. ನಾನೂ ಹೇಳಲಿಲ್ಲ. ಶೆಡ್‌ಗೆ ಸೇರುವಾಗ ಕಣ್ಣಿನ ಪರೀಕ್ಷೆ ಇತ್ತು. ಸಾಲಿನಲ್ಲಿ ನನ್ನ ಮುಂದಿದ್ದ ಹನ್ನೊಂದು ಜನ ಓದಿದ್ದನ್ನು ಕೇಳಿ ಕೇಳಿ ಬಾಯಿಪಾಠ ಮಾಡಿದೆ. ಇಪ್ಪತ್ತು ವರ್ಷ ಆಯಿತು, ಆ ಅಕ್ಷರಗಳು ಇವತ್ತಿಗೂ ನಾಲಿಗೆ ತುದಿಯಲ್ಲಿವೆ.

ನಿನಗೆ ಯಾಕೆ ಹೇಳಲಿಲ್ಲ ಎಂದು ಕೇಳುತ್ತೀಯ. ಮೊದಲು, ಹೇಳಿದರೆ ನೀನು ಮದುವೆಗೆ ಒಪ್ಪದೆ ಹೋದೀಯ ಎಂದು. ಆಮೇಲೆ, ಮೊದಲೇ ಹೇಳಲಿಲ್ಲವಲ್ಲ ಎಂದು. ಹೇಳದೆ ಇರುವುದು ಹೀಗೇ ದಿನ ಕಳೆದ ಹಾಗೆ ಗಟ್ಟಿಯಾಗಿಬಿಡುತ್ತದೆ.

ಮಂಗಳವಾರ, ಬುಧವಾರ ಬಲಗಣ್ಣು ಕಟ್ಟಿಕೊಂಡು ಮನೆಯಲ್ಲಿದ್ದೆ; ಈಗ ಕಟ್ಟು ಬಿಚ್ಚಿದ್ದಾರೆ, ಮುಲಾಮಿನಿಂದ ಇನ್ನೂ ಮಸುಕು. ಒಲೆಯ ತಿರುಪು ಎಲ್ಲಿಗೆ ತಿರುಗಿದೆ ಎಂದು ಬೆರಳಿನಿಂದ ಮುಟ್ಟಿ ನೋಡಬೇಕಾಯಿತು. ನಿನ್ನ ಅಕ್ಟೋಬರ್ ಕಾಗದ ತೆಗೆದೆ, ಬೂದು ಬಣ್ಣದ ಪಟ್ಟೆಗಳು ಕಂಡವು. ಗೋಡೆಯ ಮೇಲಿನ ಅವಳ ಫೋಟೋದ ಹತ್ತಿರ ಮೂಗು ತಾಗುವಷ್ಟು ಹೋದೆ. ಮಗು ಅಂತ ಗೊತ್ತಾಗುತ್ತದೆ. ಯಾರ ಮಗು ಅಂತ ಗೊತ್ತಾಗುವುದಿಲ್ಲ.

ಅಳು ನೋಡಲಾಗದೆ ಪಟ್ಟಿ ತೆಗೆದೆ ಎಂದು ನಿನಗೆ ಹೇಳಬಹುದಿತ್ತು, ಅದು ಅರ್ಧ ನಿಜ. ಪಟ್ಟಿ ಹಾಕಿದ ಮೊದಲ ಶನಿವಾರ ಅವಳು ಗೋಡೆ ಮುಟ್ಟಿಕೊಂಡು ಅಡುಗೆಮನೆಗೆ ಬಂದಳು. ತಲೆಯನ್ನು ಸ್ವಲ್ಪ ಓರೆ ಮಾಡಿ, ಏನೂ ಆಗಿಲ್ಲವೆಂಬ ಮುಖ ಮಾಡಿಕೊಂಡು. ಅದು ನನ್ನ ಮುಖ. ಬಲಗಣ್ಣು ಮುಚ್ಚಿ ಎಷ್ಟು ಕಾಣುತ್ತದೆ ಎಂದು ಗುಟ್ಟಾಗಿ ಪರೀಕ್ಷೆ ಮಾಡಿಕೊಳ್ಳುತ್ತಿದ್ದೆನಲ್ಲ, ಆಗಿನದು. ನನಗೆ ತಡೆಯಲಾಗಲಿಲ್ಲ, ಕಿತ್ತುಬಿಟ್ಟೆ. ಅವಳು ನಕ್ಕಳು. ಆಮೇಲೆ ಪ್ರತಿ ವಾರ ಅದೇ ನಗು ಬೇಕಾಯಿತು.

ನನ್ನ ಎಡಗಣ್ಣು ಕೆಲಸ ಕಲಿಯದೆ ಉಳಿದದ್ದು ಈ ಪಟ್ಟಿ ಇಲ್ಲದ್ದಕ್ಕೇ ಎಂದು ಡಾಕ್ಟರಮ್ಮ ಹೇಳಿದರು. ಈಗ ಈ ವಯಸ್ಸಿಗೆ ಹೆಚ್ಚೇನೂ ಆಗುವುದಿಲ್ಲ, ಇರುವ ಒಂದನ್ನು ಕಾಯಬೇಕು. ಅಪ್ಪನಿಗೋ ಅಮ್ಮನಿಗೋ ಹೀಗಿದ್ದರೆ ಮಗುವಿಗೆ ಮೂರು ತುಂಬುವಷ್ಟರಲ್ಲಿ ತೋರಿಸಬೇಕಂತೆ. ಅವಳಿಗೆ ಮೂರಾದಾಗ ನನಗೆ ಗೊತ್ತಿತ್ತು. ನೀನು ಏಪ್ರಿಲ್‌ನಲ್ಲಿ ಕೇಳಿದಾಗಲೂ ಗೊತ್ತಿತ್ತು, ಜುಲೈಯಲ್ಲಿ ಯಾರಿಗೂ ಇಲ್ಲ ಎಂದು ಬರೆದಾಗಲೂ.

ನಿಜ ಬರೆ ಅಂದೆ. ಇದೇ.


15 ನವೆಂಬರ್

ನಿನ್ನ ಕಾಗದ ಮೂರು ಸಲ ಓದಿದೆ. ಮೊದಲ ಸಲ ಕೋಪ ಬಂತು. ಎರಡನೇ ಸಲ ಕೀಲಿಕೈ ನೆನಪಾಯಿತು. ನಾನು ಮಹಡಿಯಿಂದ ಎಸೆದಾಗಲೆಲ್ಲ ನೀನು ಹಿಡಿಯದೆ ಕೆಳಗೆ ಬೀಳಿಸುತ್ತಿದ್ದೆ, ನಾನು "ಬೇಕಂತಲೇ ಮಾಡ್ತೀಯ" ಅನ್ನುತ್ತಿದ್ದೆ. ನೀನು ಬಗ್ಗಿ ಹುಡುಕುತ್ತಿದ್ದೆ. ಲೋಟದ ಪಕ್ಕ ನೀರು ಸುರಿದದ್ದು, ಗೇಟಿನ ಹತ್ತಿರ ಮೆಟ್ಟಿಲು ತಪ್ಪಿದ್ದು. ಒಂದೇ ಕಣ್ಣಿಗೆ ದೂರ ಹತ್ತಿರ ಸರಿಯಾಗಿ ತಿಳಿಯುವುದಿಲ್ಲ ಎಂದು ನನಗೇನು ಗೊತ್ತಿತ್ತು. ಮನೆಯ ಮೇಲೆ ಗಮನವಿಲ್ಲ, ನನ್ನ ಮೇಲೂ ಇಲ್ಲ ಅಂದುಕೊಂಡಿದ್ದೆ. ಆ ಲೆಕ್ಕದ ಮೇಲೆ ಎಷ್ಟೆಲ್ಲ ಕಟ್ಟಿದೆ, ಎಷ್ಟೆಲ್ಲ ಕೆಡವಿದೆ. ಈಗ ಅದನ್ನೆಲ್ಲ ಬಿಚ್ಚಿ ಮತ್ತೆ ನೋಡುವಷ್ಟು ಶಕ್ತಿ ನನ್ನಲ್ಲಿಲ್ಲ.

ಮೂರನೇ ಸಲ ಓದಿ ಕಾಗದ ಕೆಳಗಿಟ್ಟು ಪಟ್ಟಿಯ ಹಾಳೆ ತೆಗೆದೆ. ಎಡಗಡೆ ನೋಡಿದೆ. ನನ್ನ ಕಡೆ.

ನಿಜ ನೀನೊಬ್ಬನೇ ಬರೆದರೆ ಸಾಲದು. ವಾರದ ಐದು ದಿನ ಮೂರು ಗಂಟೆಗೆ ಪಟ್ಟಿ ಅಂಟಿಸುತ್ತೇನೆ ಎಂದು ಬರೆದಿದ್ದೆನಲ್ಲ, ಅದು ಸುಳ್ಳಲ್ಲ. ಅಂಟಿಸಿ, ಬಣ್ಣದ ಪುಸ್ತಕ ಮುಂದಿಟ್ಟು, ಅವಳ ಪಕ್ಕ ಚಾಪೆಯ ಮೇಲೆ ಕೂರುತ್ತೇನೆ. ಐದು ನಿಮಿಷ ಒರಗೋಣ ಅನ್ನಿಸುತ್ತದೆ. ಎಚ್ಚರವಾಗುವಾಗ ಆರು ಗಂಟೆ. ಒಂದು ದಿನ ಕಣ್ಣು ಬಿಟ್ಟರೆ ಪ್ರಪಂಚ ಅರ್ಧವೇ ಇತ್ತು. ಪಟ್ಟಿ ನನ್ನ ಬಲಗಣ್ಣಿನ ಮೇಲಿತ್ತು. ಅವಳು ಎದುರು ಕೂತು, "ಅಮ್ಮಾ, ಈಗ ನಿನ್ನ ಟರ್ನ್" ಅಂದಳು. ನಕ್ಕೆ. ಹಾಳೆಯಲ್ಲಿ ನಾಲ್ಕು ಎಂದು ಬರೆದೆ.

ವಾರದಲ್ಲಿ ಎರಡು ದಿನ ಹೀಗಾಗಿರಬಹುದು, ಮೂರೂ ಇರಬಹುದು. ಡಾಕ್ಟರಮ್ಮ "ಹಾಳೆ ಚೆನ್ನಾಗಿದೆ" ಅಂದಾಗ ನನ್ನ ಕಿವಿ ಬಿಸಿಯಾಗಿತ್ತು. ಅವಳು ಫ್ರಿಜ್‌ನ ವಿಷಯ ಹೇಳಿದ್ದೇ ತಡ, ನನಗೆ ಉಸಿರು ಬಂದ ಹಾಗಾಯಿತು. ಸದ್ಯ, ತಪ್ಪು ಅಲ್ಲಿದೆ ಎಂದು. ಆ ಕೋಪದ ಕಾಗದವನ್ನು ಬರೆದದ್ದು ಆ ಉಸಿರಿನಲ್ಲೇ.

ನಿನ್ನನ್ನು ಕ್ಷಮಿಸಿದ್ದೇನೆ ಎಂದು ಬರೆಯುತ್ತಿಲ್ಲ. ಹಾಗೆ ಬರೆಯುವ ಜಾಗದಲ್ಲಿ ನಾನೂ ಇಲ್ಲ.

ಟೀಚರ್ ಹತ್ತಿರ ಮಾತಾಡಿದೆ. ಸೋಮವಾರದಿಂದ ಪಟ್ಟಿ ಶಾಲೆಯಲ್ಲೇ, ಹತ್ತರಿಂದ ಎರಡರವರೆಗೆ. ಅವರೇ ನೋಡಿಕೊಂಡು ಬರೆದು ಸಹಿ ಹಾಕುತ್ತಾರೆ. ಮೊದಲೇ ಕೇಳಬಹುದಿತ್ತು. ನನ್ನಿಂದ ಆಗುವುದಿಲ್ಲ ಎಂದು ಇನ್ನೊಬ್ಬರ ಮುಂದೆ ಹೇಳಬೇಕಾಗುತ್ತದಲ್ಲ, ಅದಕ್ಕೇ ಕೇಳಿರಲಿಲ್ಲ.

ಇವತ್ತು ಅವಳನ್ನು ಕಳಿಸುತ್ತಿದ್ದೇನೆ. ನಿನ್ನ ಕಣ್ಣಿಗೆ ಮುಲಾಮು ಹಚ್ಚುವುದನ್ನು ನಿಲ್ಲಿಸಬೇಡ.

ನಾನು


8 ಡಿಸೆಂಬರ್

ಪಿಟೀಲಿನ ಅಮ್ಮನಿಗೆ,

ಡಾಕ್ಟರಮ್ಮನನ್ನು ಕಂಡು, ನನ್ನ ಮನೆಯಲ್ಲಿ ಪಟ್ಟಿ ನಿಲ್ಲುವುದಿಲ್ಲ, ತಪ್ಪು ನನ್ನದೇ ಎಂದು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಬಯ್ಯಲಿಲ್ಲ. "ಹಾಗಾದ್ರೆ ಶನಿವಾರ ಭಾನುವಾರಕ್ಕೆ ಹನಿ ಹಾಕೋಣ" ಅಂದರು. ಬೆಳಿಗ್ಗೆ ಬಲಗಣ್ಣಿಗೆ ಒಂದು ಹನಿ. ಹತ್ತಿರದ್ದೆಲ್ಲ ದಿನಪೂರ್ತಿ ಮಸುಕಾಗುತ್ತದೆ, ಆಗ ಎಡಗಣ್ಣು ಕೆಲಸಕ್ಕೆ ಬರಲೇಬೇಕು. ಪಾಪೆ ದೊಡ್ಡದಾಗುವುದರಿಂದ ಬಿಸಿಲು ಚುಚ್ಚುತ್ತದೆ, ಟೋಪಿ ಕೊಡಿಸಿದ್ದೇನೆ. ಸೋಮವಾರವೂ ಪಾಪೆ ದೊಡ್ಡದಾಗೇ ಇರುತ್ತದೆ, ಟೀಚರ್ ಗಾಬರಿಯಾಗದಂತೆ ಒಂದು ಚೀಟಿ ಬರೆದು ಕೊಡು. ಹನಿಯನ್ನು ಕಿತ್ತು ಫ್ರಿಜ್‌ಗೆ ಅಂಟಿಸಲಾಗುವುದಿಲ್ಲ. ಅವಳಿಗೆ ಅದೇ ಬೇಜಾರು.

ನಿನ್ನೆ ನಾಲ್ಕು ಪುಟ ಓದಿದಳು. ಓದುವಾಗ ಅತ್ತಳು. ನಾನು ಎದ್ದು ಹೋಗಲಿಲ್ಲ.

ಶೆಡ್‌ನಲ್ಲೂ ಹೇಳಿದೆ. "ಇಪ್ಪತ್ತು ವರ್ಷ ಒಂದು ಕಣ್ಣಲ್ಲಿ ಕೂದಲೆಳೆ ಅಳತೆ ತೆಗೆದೆಯಲ್ಲೋ ಮಹಾರಾಯ" ಅಂದರು ಮೇಸ್ತ್ರಿ. ಮೆಚ್ಚಿಗೆಯೋ ಬೈಗುಳವೋ ಗೊತ್ತಾಗಲಿಲ್ಲ. ಮಾರನೇ ದಿನದಿಂದ ನನ್ನನ್ನು ಲೇತ್‌ನಿಂದ ತೆಗೆದು ಅಳತೆ ಕೋಣೆಗೆ ಹಾಕಿದರು. ಬೇರೆಯವರು ಮಾಡಿದ ಭಾಗಗಳನ್ನು ಅಳೆದು ಸರಿ, ತಪ್ಪು ಎಂದು ಎರಡು ತಟ್ಟೆಗೆ ಹಾಕುವ ಕೆಲಸ. ಕಿಡಿ ಇಲ್ಲ, ಚೂರು ಇಲ್ಲ, ಸದ್ದೂ ಇಲ್ಲ. ಆದರೂ ಹೊಸ ರಕ್ಷಣೆಯ ಕನ್ನಡಕ ಕೊಟ್ಟಿದ್ದಾರೆ, ಶೆಡ್ ದಾಟಿಕೊಂಡು ಹೋಗುವಾಗಲೂ ಹಾಕಬೇಕು. ಲೇತ್‌ನ ಸದ್ದಿಲ್ಲದೆ ಕೈಗೆ ಏನು ಮಾಡಬೇಕೆಂದೇ ತೋಚುವುದಿಲ್ಲ. ಅಭ್ಯಾಸವಾಗುತ್ತದೆ ಅನ್ನುತ್ತಾರೆ.

ಅವಳ ಅಪ್ಪ


17 ಜನವರಿ

ಎರಡು ಸಾಲು ಮುಂದೆ ಹೋಗಿದ್ದಾಳೆ. ಬರೆದಿಟ್ಟ ಗಂಟೆಗಳೂ ಕಣ್ಣೂ ಈ ಸಲ ಒಂದೇ ಮಾತು ಹೇಳುತ್ತಿವೆ ಅಂದರು ಡಾಕ್ಟರಮ್ಮ.

ಜ್ವರ ಬಂದು ಮೂರು ದಿನ ಪಟ್ಟಿ ಹಾಕಲಾಗಲಿಲ್ಲ. ಹಾಕಿಲ್ಲ ಎಂದೇ ಬರೆದಿದ್ದೇನೆ. ನನಗೂ ಜ್ವರ. ಹಾಸುಗಳನ್ನು ಎತ್ತುವಾಗ ಸೊಂಟ ಹಿಡಿಯುತ್ತಿದೆ. ಹೆಚ್ಚು ಬರೆಯಲಾರೆ.

ಅಮ್ಮ


9 ಮಾರ್ಚ್

ಗುರುವಾರ ನೀನೂ ಅದೇ ಕೋಣೆಯಲ್ಲಿದ್ದೆ. ಆದರೂ ಬರೆಯುತ್ತೇನೆ, ಅಲ್ಲಿ ಬಾಯಿಗೆ ಬರಲಿಲ್ಲ.

ಅವಳ ಬಲಗಣ್ಣು ಮುಚ್ಚಿ ಓದಿಸಿದರಲ್ಲ, ನಾನು ಹಿಂದಿನ ಗೋಡೆಗೆ ಒರಗಿ ನಿಂತಿದ್ದೆ. ಮೇಲಿನ ಸಾಲುಗಳನ್ನು ಓಡಿಸಿಕೊಂಡು ಓದಿದಳು. ಆಮೇಲೆ ನಿಧಾನವಾಯಿತು. ಐದನೇ ಸಾಲಿನಲ್ಲಿ ಒಂದು ತಪ್ಪಿದಳು, ತಾನೇ ತಿದ್ದಿಕೊಂಡಳು. ಅದರ ಕೆಳಗಿನ ಸಾಲಿಗೆ ಬಂದಾಗ ಕತ್ತು ಮುಂದೆ ಚಾಚಿ, ಮೂಗು ಸುಕ್ಕಿಸಿ ನೋಡಿದಳು. ಆ ಸಾಲು ನನಗೆ ಗೊತ್ತು, ಅಂದು ಬಾಯಿಪಾಠ ಮಾಡಿದ್ದು ಅದನ್ನೇ. ಬಾಯಿ ಅಲುಗಿಸಿದ್ದರೆ ಹಾಳೆ ಕಾಣಿಸುವ ಎದುರಿನ ಕನ್ನಡಿಯಲ್ಲಿ ಅವಳಿಗೆ ಕಾಣುತ್ತಿತ್ತು. ನನ್ನ ತುಟಿ ಅರ್ಧ ತೆರೆದೂ ಇತ್ತು, ದೇವರಾಣೆ.

ಅಷ್ಟರಲ್ಲಿ ಅವಳು "ಇದು ಕಾಣಲ್ಲ" ಅಂದಳು.

ಎಷ್ಟು ಸಲೀಸಾಗಿ ಹೇಳಿದಳು. ಡಾಕ್ಟರಮ್ಮ "ಸರಿ ಬಿಡು" ಎಂದು ಬರೆದುಕೊಂಡರು, ಅವಳು ಕುರ್ಚಿಯಿಂದ ಜಾರಿ ಇಳಿದು ಬೂಟಿನ ಲೇಸು ಕಟ್ಟಿಕೊಂಡಳು. ಏನೂ ಆಗಲಿಲ್ಲ. ನಾನು ಹೊರಗೆ ಹೋಗಿ ನೀರಿನ ನಲ್ಲಿಯ ಹತ್ತಿರ ಸ್ವಲ್ಪ ಹೊತ್ತು ನಿಂತಿದ್ದೆ. ನೀನು ನೋಡಿದೆ, ಏನೂ ಕೇಳಲಿಲ್ಲ. ಒಳ್ಳೆಯದಾಯಿತು.

ಇನ್ನೊಂದು ವಿಷಯ ಕೇಳುವುದಿತ್ತು. ಬೇರೆ ಹಾಳೆಯಲ್ಲಿ ಬರೆದು ಒಳಗಿಟ್ಟಿದ್ದೇನೆ. ಬೇಡವೆನ್ನಿಸಿದರೆ ಹರಿದುಬಿಡು.

ಅವಳ ಅಪ್ಪ


14 ಮಾರ್ಚ್

ಮೊದಲು ಅವಳ ವಿಷಯ. ಕೊನೆಯ ಎರಡು ಸಾಲು ಬಹುಶಃ ಬರುವುದಿಲ್ಲವಂತೆ. ಒಂದು ವರ್ಷ ಮೊದಲೇ ಹಿಡಿದಿದ್ದರೆ ಬರುತ್ತಿತ್ತೇ ಎಂದು ಕೇಳಲು ಬಾಯಿ ತೆರೆದೆ, ಕೇಳಲಿಲ್ಲ. ಈಗಿರುವಷ್ಟರಲ್ಲಿ ಓದುತ್ತಾಳೆ, ಬರೆಯುತ್ತಾಳೆ, ಬಲಗಣ್ಣಿಗೆ ಏನಾದರೂ ಆದರೂ ಬೀದಿ ದಾಟುತ್ತಾಳೆ. ಪಟ್ಟಿಯನ್ನು ದಿನಕ್ಕೆ ಒಂದು ಗಂಟೆಗೆ ಇಳಿಸಿದ್ದಾರೆ, ಹನಿ ನಿಲ್ಲಿಸಿದ್ದಾರೆ, ಕನ್ನಡಕ ಮಾತ್ರ ಹೀಗೇ ಇರಬೇಕು. ಬಿಟ್ಟರೆ ಕಣ್ಣು ಮತ್ತೆ ಹಿಂದೆ ಜಾರಬಹುದಂತೆ, ಅದಕ್ಕೆ ಇನ್ನೂ ಕೆಲವು ವರ್ಷ ತೋರಿಸುತ್ತಲೇ ಇರಬೇಕು.

ನಿನ್ನ ಬೇರೆ ಹಾಳೆಯನ್ನು ಹರಿಯಲಿಲ್ಲ. ಉತ್ತರ: ಇಲ್ಲ, ವಾಪಸು ಬರುವುದಿಲ್ಲ. ಕೋಪದಿಂದ ಹೇಳುತ್ತಿಲ್ಲ. ಕೋಪ ಯಾವಾಗ ಹೋಯಿತೋ ಗೊತ್ತಾಗಲಿಲ್ಲ, ಅದರ ಜೊತೆಗೆ ಬೇರೆ ಏನೇನೋ ಹೋದವು. ನೀನು ಆಗಲೇ ಹೇಳಿದ್ದರೆ, ನಾನು ಆಗಲೇ ಕೇಳಿದ್ದರೆ ಎಂದು ಬಟ್ಟೆ ಮಡಚುವಾಗ ಒಂದೊಂದು ದಿನ ಯೋಚನೆ ಬರುತ್ತದೆ. ಯಂತ್ರ ಮುಂದಿನ ಹಾಸನ್ನು ಹೊರಗೆ ಹಾಕುತ್ತದೆ, ಅದನ್ನು ಹಿಡಿಯಬೇಕಾಗುತ್ತದೆ.

ಮುಂದಿನ ಪರೀಕ್ಷೆ ಏಪ್ರಿಲ್ 16, ಗುರುವಾರ, ಮಧ್ಯಾಹ್ನ ಎರಡಕ್ಕೆ. ಚೀಟಿ ಚೀಲದಲ್ಲಿದೆ. ಈ ಸಲ ನೀನೊಬ್ಬನೇ ಕರೆದುಕೊಂಡು ಹೋಗು. ಏನೆಂದರು ಎಂದು ಸಂಜೆ ಹೇಳಿದರೆ ಸಾಕು. ಎಷ್ಟು ಸಾಲು ಅಂತ ನೀನು ಹೇಳುತ್ತೀಯೋ ಅಷ್ಟೇ ಅಂದುಕೊಳ್ಳುತ್ತೇನೆ, ಆಸ್ಪತ್ರೆಗೆ ಫೋನ್ ಮಾಡಿ ವಿಚಾರಿಸುವುದಿಲ್ಲ.

ನಾನು ಆ ಮಧ್ಯಾಹ್ನ ಬಾಗಿಲು ಹಾಕಿಕೊಂಡು ಮಲಗುತ್ತೇನೆ.

ಅವಳ ಅಮ್ಮ